ಅಧ್ಯಕ್ಷಗಿರಿಯ ಜಗಳಕ್ಕೆ ಆರಿಹೋದ ಬೈ ಟೂ ಕಾಫಿ

ಗೆಳೆಯರೇ, ಇವತ್ತು ಬೆಳಿಗ್ಗೆ ಹೊಸದುರ್ಗ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ ಇತ್ತು. ನಮ್ಮ ಪಕ್ಷದ ತಾಲ್ಲೂಕು ಅಧ್ಯಕ್ಷರನ್ನು ಈ ಭಾನುವಾರ ಸದಸ್ಯರೇ ಓಟು ಹಾಕಿ ಆರಿಸಬೇಕು. ಕಣದಲ್ಲಿ ಇಬ್ಬರು: ತೆಂಗಿನಕಾಯಿ ಮಂಡಿಯ ಸಾಹುಕಾರರು, ಮತ್ತೊಬ್ಬರು ವಕೀಲರು. ಎದುರು ಪಕ್ಷದ ಮೇಲೂ ನಮ್ಮವರು ಇಷ್ಟು ಹಲ್ಲು ಮಸೆದದ್ದನ್ನು ನಾನು ಕಂಡಿಲ್ಲ.

ನನ್ನೆದುರು ಕೂತಿದ್ದ ಇಬ್ಬರು ಗೆಳೆಯರಲ್ಲಿ ತಿಪ್ಪೇಶನದು ಸಾಹುಕಾರರ ಕಡೆ, ಓಂಕಾರನದು ವಕೀಲರ ಕಡೆ. ಹತ್ತು ವರ್ಷದಿಂದ ಒಂದೇ ಕಾಫಿಯನ್ನು ಬೈ ಟೂ ಮಾಡಿ ಕುಡಿಯುವ ಜೋಡಿ.

"ಲೇ, ನಿಮ್ಮ ವಕೀಲ ಹೋದ ಸಲ ಎದುರು ಪಾರ್ಟಿ ಸ್ಟೇಜ್ ಹತ್ತಿದ್ದು ಊರಿಗೇ ಗೊತ್ತೈತೆ!" ಎಂದ ತಿಪ್ಪೇಶ.

ಓಂಕಾರ ಮೇಜು ಗುದ್ದಿದ. "ನಿಮ್ಮ ಸಾಹುಕಾರ ಯಾವತ್ತಾದ್ರೂ ಬಾವುಟ ಹಿಡ್ದವ್ನೇನ್ಲೇ?"

ಹೋಟೆಲ್ ಮಾಲೀಕರು ರೂಢಿಯಂತೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿ ತಂದಿಟ್ಟರು. "ಇವನ ಜೊತೆ ಬೈ ಟೂ ಬ್ಯಾಡ, ನಂಗೆ ಫುಲ್ ಕೊಡ್ರಿ," ಎಂದ ತಿಪ್ಪೇಶ. "ನಂಗೂ!" ಎಂದ ಓಂಕಾರ. ಲೋಟಗಳನ್ನು ಯಾರೂ ಮುಟ್ಟಲಿಲ್ಲ. ಅಕ್ಕಪಕ್ಕದವರು ತಿನ್ನುವುದನ್ನೇ ನಿಲ್ಲಿಸಿದ್ದರು.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಒಂದೇ ಕಾರಿನಿಂದ ಇಬ್ಬರೂ ಅಭ್ಯರ್ಥಿಗಳು ಇಳಿದು ಬಂದು ಮೂಲೆಯ ಮೇಜು ಹಿಡಿದರು. "ಒಂದು ಬೈ ಟೂ ಕೊಡ್ರಿ," ಎಂದರು ವಕೀಲರು. "ಸಕ್ಕರೆ ಕಮ್ಮಿ ಇರ್ಲಿ," ಎಂದು ಸಾಹುಕಾರರು ನಕ್ಕರು.

ಮಾಲೀಕರು ನಮ್ಮ ಮೇಜಿನತ್ತ ಬಗ್ಗಿ ಮೆಲ್ಲಗೆ ಹೇಳಿದರು, "ಕುಡೀರಪ್ಪ, ಆರಿ ಹೋತು."

ಭಾನುವಾರ ನನ್ನ ಓಟು ಯಾರಿಗೆ ಎಂದು ಕೇಳಬೇಡಿ. ಯಾರಿಗೆ ಹಾಕಿದರೂ ಅವರಿಬ್ಬರು ಅದನ್ನು ಬೈ ಟೂ ಮಾಡಿಕೊಳ್ಳುತ್ತಾರೆ.