ಮೂರು ಕಿಲೋ ಕಡಿಮೆ

ನಮ್ಮ ದೊಡ್ಡಪ್ಪ ಎದುರಿಗೆ ಬಂದವರ ಮುಖ ನೋಡುತ್ತಿರಲಿಲ್ಲ, ತೂಕ ನೋಡುತ್ತಿದ್ದರು. "ಅರವತ್ತೆರಡು. ಹೋದ ಸಲಕ್ಕಿಂತ ಎರಡು ಜಾಸ್ತಿ," ಎಂದು ಬಾಗಿಲಲ್ಲೇ ಹೇಳಿ ಬಂದವರ ಮುಖ ಸಣ್ಣದು ಮಾಡುತ್ತಿದ್ದರು. "ಮೊದಲು ಕೂತ್ಕೊಳ್ಳಿ ಅನ್ರಿ, ಆಮೇಲೆ ತೂಗೀರಂತೆ," ಎಂದು ದೊಡ್ಡಮ್ಮ ಒಳಗಿನಿಂದ ಕೂಗುತ್ತಿದ್ದಳು. ಅವರ ಅಂದಾಜು ತಪ್ಪಿದ್ದನ್ನು ನಾನಂತೂ ಕಂಡಿಲ್ಲ.

ಹರೆಯದಲ್ಲಿ ಅವರು ಗೋದಾಮಿನಲ್ಲಿದ್ದರು. ತೊಲೆಗೆ ಚೈನ್ ಪುಲ್ಲಿ, ಅದರ ಕೆಳಗೆ ಗಡಿಯಾರದಂಥ ತಕ್ಕಡಿ, ತಕ್ಕಡಿಯ ಕೊಕ್ಕೆಗೆ ಮೂಟೆ. ತೂಗುವಾಗ ಮೂಟೆಯನ್ನು ಯಾರೂ ಮುಟ್ಟಬಾರದು ಎಂಬುದು ಅಲ್ಲಿ ಮೊದಲ ದಿನವೇ ಕಲಿಸುವ ಪಾಠ. ಆಮೇಲೆ ಆಸ್ಪತ್ರೆ ಸೇರಿದರು. ಎದ್ದು ನಿಲ್ಲಲಾಗದ ರೋಗಿಗಳನ್ನು ದಪ್ಪ ಬಟ್ಟೆಯ ಜೋಳಿಗೆಯಲ್ಲಿ ಕೂರಿಸಿ, ಅದರ ನಾಲ್ಕು ಮೂಲೆಗಳನ್ನು ಯಂತ್ರದ ಕೊಕ್ಕೆಗೆ ಸಿಕ್ಕಿಸಿ, ಹಿಡಿಯನ್ನು ಒತ್ತಿ ಒತ್ತಿ ಹಾಸಿಗೆಯಿಂದ ಮೇಲೆತ್ತುವ ಕೆಲಸ. ಕೊಕ್ಕೆಯ ಮೇಲಿನ ಡಬ್ಬಿಯಲ್ಲಿ ಕೆಂಪು ಅಂಕಿ ಮೂಡುತ್ತದೆ. ಅದನ್ನು ಚೀಟಿಯಲ್ಲಿ ಬರೆದುಕೊಡಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಆ ಅಂಕಿಯೇ ಜೀವ, ಏಕೆಂದರೆ ಮೈಯಿಂದ ಎಷ್ಟು ನೀರು ತೆಗೆಯಬೇಕು ಎಂದು ಡಾಕ್ಟರು ಅದನ್ನು ನೋಡಿಯೇ ತೀರ್ಮಾನಿಸುತ್ತಾರೆ.

ಸಿಸ್ಟರ್‌ಗಳು ದೊಡ್ಡಪ್ಪನನ್ನು ಬೆನ್ನ ಹಿಂದೆ 'ಮುಟ್ಬೇಡಿ' ಎಂದೇ ಕರೆಯುತ್ತಿದ್ದರು. ರೋಗಿಯನ್ನು ಮೇಲೆತ್ತಿದ ಮೇಲೆ ಹತ್ತಿರದವರು ಒಂದು ಬೆರಳು ಚಾಚಿದರೂ ಮೈಮೇಲೆ ಬೀಳುತ್ತಿದ್ದರು. ಮೊದಲಿನಿಂದ ಅವರು ಹಾಗಿರಲಿಲ್ಲ. ಕಾರಣ ನಮಗೆ ಗೊತ್ತಾದದ್ದು ತೀರಾ ತಡವಾಗಿ. ನಾನು ಇಲ್ಲೇ ಹೇಳಿಬಿಡುತ್ತೇನೆ.

ದೊಡ್ಡಪ್ಪ ನಿವೃತ್ತರಾಗುವ ಹನ್ನೊಂದು ವರ್ಷ ಮುಂಚೆ ವಯಸ್ಸಾದ ಟಪಾಲಿನವರೊಬ್ಬರು ದಿನ ಬಿಟ್ಟು ದಿನ ಡಯಾಲಿಸಿಸ್‌ಗೆ ಬರುತ್ತಿದ್ದರು. ಇಡೀ ಊರು ಸೈಕಲ್ಲಿನಲ್ಲಿ ಸುತ್ತಿದ ಮನುಷ್ಯ, ಜೋಳಿಗೆಯಲ್ಲಿ ಕಾಲು ನೆಲ ಬಿಟ್ಟರೆ ಸಾಕು, ನಡುಗುತ್ತಿದ್ದರು. ಅವತ್ತು ಅವರ ಮಗಳು ಕೇಳಿದಳು: "ಅಣ್ಣಾ, ಅಪ್ಪನ ಕೈ ಹಿಡ್ಕೊಳ್ಲಾ?" ದೊಡ್ಡಪ್ಪ ಆ ಮುದುಕರ ಮುಖ ನೋಡಿದರು. "ಹಿಡ್ಕೊಳಮ್ಮ," ಎಂದರು. ಅಂಕಿ ಐವತ್ತೆರಡು ತೋರಿಸಿತು. ಪ್ರತಿ ಸಲ ಐವತ್ತೈದು ಇರುತ್ತಿತ್ತು. "ಭೇಷ್ ಯಜಮಾನ್ರೇ, ಈ ಸಲ ನೀರು ಕುಡಿಯೋದ್ರಲ್ಲಿ ಹಿಡಿತ ಇಟ್ಕೊಂಡಿದ್ದೀರಿ," ಎಂದು ಮೆಚ್ಚಿ ಐವತ್ತೆರಡೇ ಬರೆದುಕೊಟ್ಟರು. ಅವತ್ತು ನೀರನ್ನು ಹೆಚ್ಚುಕಮ್ಮಿ ತೆಗೆಯಲೇ ಇಲ್ಲ. ಮರುದಿನ ಬೆಳಿಗ್ಗೆ ಟಪಾಲಿನವರು ಉಸಿರು ಕಟ್ಟಿ ಹೋದರು.

ಎದೆ ಮೊದಲೇ ದುರ್ಬಲವಾಗಿತ್ತು ಎಂದರು ಡಾಕ್ಟರು. ಯಾರೂ ಯಾರನ್ನೂ ದೂರಲಿಲ್ಲ. ವಾರ ಕಳೆದ ಮೇಲೆ ಮಗಳು ಬಂದು, "ಅವತ್ತು ಕೈ ಹಿಡ್ಕೊಳ್ಳೋಕೆ ಬಿಟ್ರಲ್ಲ, ಅಪ್ಪ ಹೆದರ್ಲಿಲ್ಲ. ನಿಮ್ಮನ್ನ ಮರೆಯಲ್ಲ," ಎಂದು ಕೈಮುಗಿದು ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಶುರುವಾಯಿತು. ಯಾರನ್ನೇ ಎತ್ತಲಿ, ಅಂಕಿ ಮೊದಲು ಮೂರು ಕಿಲೋ ಕೆಳಗೆ ನಿಂತು, ಯಾರೋ ಹಿಡಿದ ಕೈ ಬಿಟ್ಟ ಹಾಗೆ ನಿಧಾನಕ್ಕೆ ಮೇಲೇರುತ್ತಿತ್ತು. ಮೆಕ್ಯಾನಿಕ್ ಕಬ್ಬಿಣದ ಬಟ್ಟುಗಳನ್ನು ತೂಗಿಹಾಕಿ ನೋಡಿದ. "ಗ್ರಾಮ್ ಲೆಕ್ಕದಲ್ಲೂ ಸರಿಯಾಗಿದೆ ಮಾರಾಯ್ರೇ. ನಿಮ್ಮ ಕಣ್ಣು ತೋರಿಸ್ಕೊಳ್ಳಿ," ಎಂದ. ಅದು ದೊಡ್ಡಪ್ಪನ ಕಣ್ಣಿಗಷ್ಟೇ ಕಾಣುತ್ತಿತ್ತು.

ನನಗೆ ಅವರ ಮೇಲೆ ಸಿಟ್ಟು ಬರುವುದು ಇಲ್ಲಿ. ಒಂದು ಕೈ ನಿಜವಾಗಿ ಮೂರು ಕಿಲೋ ಕದಿಯುತ್ತದೆಯೇ ಎಂದು ಪರೀಕ್ಷಿಸಲು ಐದು ನಿಮಿಷ ಸಾಕಿತ್ತು. ಯಾರನ್ನಾದರೂ ಜೋಳಿಗೆಯಲ್ಲಿ ಕೂರಿಸಿ ಎತ್ತಿ, ಕೈ ಹಿಡಿದು, ಅಂಕಿ ನೋಡಿದ್ದರೆ ಮುಗಿಯುತ್ತಿತ್ತು. ಹನ್ನೊಂದು ವರ್ಷ ಆ ಯಂತ್ರದ ಪಕ್ಕದಲ್ಲೇ ಇದ್ದು, ನಿವೃತ್ತಿಯಾಗುವ ತನಕ ಅವರು ಅದನ್ನು ಮಾಡಲಿಲ್ಲ. ಹೆಣ್ಣುಮಗಳ ಕೈಗೆ ಅಷ್ಟೆಲ್ಲ ಬಲ ಎಲ್ಲಿಂದ ಬರಬೇಕು ಎಂದು ತಮಗೆ ತಾವೇ ಹೇಳಿಕೊಂಡು ದಿನ ದೂಡಿದರು. ಗೊತ್ತಾಗದಿರುವುದೇ ಅವರಿಗಿದ್ದ ಒಂದೇ ಆಸರೆ.

ಆಮೇಲೆ ದೊಡ್ಡಮ್ಮನ ಕಿಡ್ನಿ ಕೈಕೊಟ್ಟಿತು, ಕಾಲೂ ಬಿದ್ದುಹೋಯಿತು. ಅದೇ ಆಸ್ಪತ್ರೆ, ಅದೇ ಕೋಣೆ, ಅದೇ ಯಂತ್ರ. ಎತ್ತುವವನು ಮಾತ್ರ ಹೊಸಬ. ಜೋಳಿಗೆ ಮೇಲೇರುತ್ತಿದ್ದಂತೆ ದೊಡ್ಡಮ್ಮ ಗಾಳಿಯಲ್ಲಿ ಕೈ ಚಾಚಿದಳು. "ರೀ, ಹಿಡ್ಕೊಳ್ರಿ, ಬೀಳ್ತೀನಿ." ದೊಡ್ಡಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿದರು. "ಹೋಗಿ ಹಿಡ್ಕೊಳ್ಳಿ ಯಜಮಾನ್ರೇ, ಒಂದು ಕೈಯಿಂದ ಏನಾಗುತ್ತೆ," ಎಂದ ಹೊಸಬ. ಅವರು ಅಲುಗಾಡಲಿಲ್ಲ. ನಾನು ಮುಂದೆ ಹೋದರೆ ನನ್ನ ರಟ್ಟೆ ಹಿಡಿದು ಎಳೆದರು. ದೊಡ್ಡಮ್ಮ ಕಣ್ಣೀರು ಹಾಕಿಕೊಂಡೇ ಇಳಿದಳು.

ಎರಡು ದಿನ ಅವಳು ಅವರ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಆಸ್ಪತ್ರೆಗೆ ಹೊರಡುವ ಮುಂಚೆ, ಅವಳ ತಲೆ ಬಾಚುತ್ತಿದ್ದ ನನ್ನ ಎದುರಿಗೇ, ದೊಡ್ಡಪ್ಪ ಟಪಾಲಿನವರ ಕಥೆಯೆಲ್ಲ ಹೇಳಿದರು. ದೊಡ್ಡಮ್ಮ ನನ್ನ ಕೈಯಿಂದ ಬಾಚಣಿಗೆ ತೆಗೆದು ಪಕ್ಕಕ್ಕಿಟ್ಟಳು.

"ಇಷ್ಟು ವರ್ಷ ಇದನ್ನ ಒಬ್ರೇ ಹೊತ್ಕೊಂಡಿದ್ರಾ?"

"ಹೇಳಿ ಏನ್ಮಾಡ್ಲಿ?"

"ಅಂಕಿ ಬರೆಯೋ ತನಕ ನಾನು ಕೈ ಚಾಚಲ್ಲ. ಬರೆದಾದ ಮೇಲೆ ಹಿಡ್ಕೊಳ್ಳಿ. ಅಷ್ಟು ಮಾಡ್ತೀರಾ?"

ದೊಡ್ಡಪ್ಪ ಎದ್ದು ಆಸ್ಪತ್ರೆಯ ಫೈಲು ಹುಡುಕತೊಡಗಿದರು. ಆ ಕೈ ಹಿಡಿದರೆ ಅವರಿಗೆ ಏನು ಗೊತ್ತಾಗಿಬಿಡುತ್ತದೆ ಎಂಬುದು ನಮ್ಮ ಮೂವರಿಗೂ ತಿಳಿದಿತ್ತು.

ಅವತ್ತು ದೊಡ್ಡಮ್ಮ ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು, ಕಣ್ಣು ಮುಚ್ಚಿ, ತುಟಿ ಕಚ್ಚಿಕೊಂಡು ತೂಗಿದಳು. ಅರವತ್ತೊಂದೂವರೆ. ಹೊಸಬ ಬರೆದುಕೊಂಡ. "ಬರೆದಾಯ್ತಾ?" ಎಂದು ಕೇಳಿ ಅವಳು ಬಲಗೈ ಚಾಚಿದಳು. ದೊಡ್ಡಪ್ಪ ಗೋಡೆ ಬಿಟ್ಟು ಬರಲು ಬಹಳ ಹೊತ್ತು ಹಿಡಿಯಿತು. ಬಂದು, ಕೆಳಗಿನಿಂದ ಅಂಗೈ ಕೊಟ್ಟು ಹಿಡಿದರು. ದೊಡ್ಡಮ್ಮ ತನ್ನ ಭಾರವನ್ನೆಲ್ಲ ಆ ಕೈಗೆ ಊರಿದಳು.

ಕೆಂಪು ಅಂಕಿ ಇಳಿಯತೊಡಗಿತು. ಅರವತ್ತು. ಐವತ್ತೊಂಬತ್ತು. ಐವತ್ತೆಂಟೂವರೆಗೆ ಬಂದು ನಿಂತಿತು. ಈ ಸಲ ಅದು ನನಗೂ ಕಾಣುತ್ತಿತ್ತು.

"ಇಳಿಸ್ಲಾ ಯಜಮಾನ್ರೇ?" ಎಂದು ಹೊಸಬ ಕೇಳಿದ.

ದೊಡ್ಡಪ್ಪ ಅಂಕಿಯನ್ನೇ ನೋಡುತ್ತಿದ್ದರು. "ಟಪಾಲಿನವರ ಮಗಳು ಎಲ್ಲಿದ್ದಾಳೋ ಹುಡುಕ್ಬೇಕು. ಹೇಳ್ಬೇಕು," ಎಂದರು ನನಗೆ. ಆಮೇಲೆ ಹೊಸಬನ ಕಡೆ ತಿರುಗಿ, "ಸ್ವಲ್ಪ ಇರಪ್ಪ. ಇವಳಿಗಿನ್ನೂ ಹೆದರಿಕೆ ಹೋಗಿಲ್ಲ," ಎಂದರು. ಕೈ ಬಿಡಲಿಲ್ಲ.