ಹಂಚಿಗೆ ಹೊಡೆದ ಗುಂಡು

ಹೋದ ತಿಂಗಳು ತಾಲೂಕಿನ ಊರು ಜತ್ತಿಗೆ ಹೋಗಿದ್ದೆ. ದನದ ಕೊಟ್ಟಿಗೆಯ ಬಾಗಿಲಿಗೆ ಒಂದು ಹಳೆಯ ಅಗಳಿ ಬೇಕಾಗಿತ್ತು. ಬಸ್ ಸ್ಟ್ಯಾಂಡಿನ ಹಿಂದಿರುವ ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿದ ಸಾಮಾನಿನ ರಾಶಿ ಕೆದಕುತ್ತಿದ್ದಾಗ ಕೈಗೆ ಒಂದು ರೊಟ್ಟಿ ಹಂಚು ಸಿಕ್ಕಿತು. ಕಬ್ಬಿಣದ್ದು, ದಪ್ಪನೆಯದು. ಯಾರು ಅದರ ಮೇಲೆ ಏನಿಟ್ಟು ಬಡಿದಿದ್ದರೋ, ಮೈತುಂಬ ತಗ್ಗುಗಳು, ಒಂದು ಕಡೆ ತೂತು. ಹಾವು ಮುಟ್ಟಿದವಳ ಹಾಗೆ ಕೈಬಿಟ್ಟೆ. ಅಂಗಡಿಯವನು ಏನಾಯಿತು ಅಜ್ಜಿ ಎಂದು ಮರಾಠಿಯಲ್ಲಿ ಕೇಳಿದ. ಏನೂ ಇಲ್ಲ ಎಂದೆ. ಅಗಳಿಯನ್ನೂ ಕೊಳ್ಳದೆ ನಮ್ಮೂರು ಸೋನ್ಯಾಳದ ಬಸ್ಸು ಹತ್ತಿದೆ. ಊರು ಮುಟ್ಟುವ ತನಕ ಕಣ್ಣ ಮುಂದೆ ಆ ಸುಭೇದಾರನೇ ಇದ್ದ.

ಸುಭೇದಾರ ಎಂದೇ ಊರು ಆತನನ್ನು ಕರೆಯುತ್ತಿತ್ತು. ಫೌಜಿನಲ್ಲಿ ಎಲ್ಲಿಯವರೆಗೆ ಏರಿದ್ದನೋ ನನಗೆ ಗೊತ್ತಿಲ್ಲ. ಪಾಕಿಸ್ತಾನದ ಸಂಗಡ ಅರವತ್ತೈದರ ಲಡಾಯಿ ಮುಗಿದ ಮೇಲೆ ಪೆನ್ಶನ್ ತಗೊಂಡು ಬಂದ ದಿನದಿಂದ ಊರೇ ಆ ಪದವಿ ಕೊಟ್ಟುಬಿಟ್ಟಿತ್ತು. ಆತ ಬಂದರೆ ಜನ ಎದ್ದು ನಿಲ್ಲುತ್ತಿದ್ದರು, ಬರ್ರಿ, ಕುಂದ್ರಿ ಎನ್ನುತ್ತಿದ್ದರು. ಎದುರಿಗೆ ನಾನೂ ಬಹುವಚನದಲ್ಲೇ ಮಾತಾಡುತ್ತಿದ್ದೆ. ಈಗ ಬರೆಯಲು ಕೂತರೆ ಕೈ ಒಪ್ಪುವುದಿಲ್ಲ.

ಆತನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆಗ ನಾನು ನಮ್ಮ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಯಜಮಾನರು ಜತ್ತಿನ ಕಾಳುಕಡಿಯ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ಮಾವನವರು ಮತ್ತು ನಾನು. ಮಾವನವರು ಹೊಲದ ಕೆಲಸ ಬಿಟ್ಟರೆ ಮತ್ತೊಂದು ಗೊತ್ತಿಲ್ಲದ, ಯಾರಿಗೂ ಎದುರಾಡದ ಮನುಷ್ಯ. ಸುಭೇದಾರ ಅವರ ಸಾಲಿ ಗೆಳೆಯ. ಇಬ್ಬರೂ ಊರ ಮರಾಠಿ ಸಾಲಿಯಲ್ಲಿ ಒಂದೇ ಮಣೆಯ ಮೇಲೆ ಕೂತವರು. ಆತ ಫೌಜಿಗೆ ಹೋಗಿ ಇಷ್ಟು ವರ್ಷ ಕಳೆದರೂ ಮಾವನವರು ಆತನ ದಾರಿ ಕಾಯುತ್ತಲೇ ಇದ್ದರು.

ಸಂಜೆಯಾದರೆ ಆತ ಬೂಟುಗಾಲಲ್ಲೇ ನಮ್ಮ ಕಟ್ಟೆ ಏರಿ ಕೂರುತ್ತಿದ್ದ. ಒಳಗೆ ತಿರುಗಿ ನೋಡದೆ ಚಿಟಿಕೆ ಹೊಡೆಯುತ್ತಿದ್ದ. "ಏ ಹುಡುಗಿ, ಚಾ!" ನನ್ನ ತವರಲ್ಲಿ ನಾಯಿಯನ್ನು ಸಹ ಯಾರೂ ಚಿಟಿಕೆ ಹೊಡೆದು ಕರೆಯುತ್ತಿರಲಿಲ್ಲ. ಚಹಾ ತಂದು ಇಟ್ಟರೆ ಒಂದು ಗುಟುಕು ಕುಡಿದು ಮುಖ ಸಿಂಡರಿಸಿ, "ಫೌಜಿನ್ಯಾಗ ಇಂಥಾ ಚಾ ಕುದರಿಗೂ ಹಾಕೂದಿಲ್ಲ" ಎಂದು ಅಂಗಳಕ್ಕೆ ಚೆಲ್ಲುತ್ತಿದ್ದ. ಮಾವನವರು ನಗುತ್ತಿದ್ದರು. ನಾನು ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಆತನ ಹತ್ತಿರ ಲೈಸನ್ಸಿನ ಒಂದು ರೈಫಲ್ ಇತ್ತು. ಊರ ಹೊರಗೆ, ನಮ್ಮ ಹೊಲಕ್ಕೆ ಹೋಗುವ ದಾರಿಯಲ್ಲಿ, ಒಂದು ಹಳೆಯ ಕಲ್ಲಿನ ಖಣಿ. ಮೂರು ಕಡೆ ಕರಿಕಲ್ಲಿನ ಗೋಡೆ ಎದ್ದು ನಿಂತಿತ್ತು. ಎದುರಿನ ಗೋಡೆಗೆ ಒಂದು ಮೊಳೆ ಬಡಿದು, ಹೆಂಡತಿಯ ರೊಟ್ಟಿ ಹಂಚನ್ನೇ ತಂದು ಅಲ್ಲಿ ತೂಗುಹಾಕಿದ. ರವಿವಾರ ಬಂತೆಂದರೆ ಊರಿನ ಪಡ್ಡೆ ಹುಡುಗರನ್ನು ಕಟ್ಟಿಕೊಂಡು ಅಲ್ಲಿ ನಿಶಾನಿ ಹೊಡೆಯುವುದು. ಗುಂಡು ಹಂಚಿಗೆ ಬಡಿದರೆ ಟಣ್ ಎಂದು ಊರವರೆಗೆ ಕೇಳುತ್ತಿತ್ತು. ಆ ಸಪ್ಪಳ ಕೇಳಿಸಬೇಕು ಎಂಬುದೇ ಆತನ ಆಸೆ.

ಆದರೆ ಹೊಲದಲ್ಲಿದ್ದ ನನಗೆ ಇನ್ನೊಂದು ಸಪ್ಪಳವೂ ಕೇಳುತ್ತಿತ್ತು. ಟಣ್ ಎಂದ ಮೇಲೆ, ಕೆಲವು ಸಲ ಟಣ್ ಇಲ್ಲದೆಯೇ, ಸುಂಯ್... ಎಂದು ಏನೋ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಜೋಳದ ತೆನೆಗಳು ಗಾಳಿಯಿಲ್ಲದೆ ಅಲ್ಲಾಡುತ್ತಿದ್ದವು. ಒಂದು ರವಿವಾರ ಬದುವಿನ ಮೇಲೆ ಇಟ್ಟಿದ್ದ ನೀರಿನ ಕೊಡ ನನ್ನ ಕಣ್ಣೆದುರೇ ಒಡೆದು ಹೋಯಿತು. ಒದ್ದೆ ಮಣ್ಣಿನಲ್ಲಿ ಕೈಯಾಡಿಸಿದಾಗ ಚಪ್ಪಟೆಯಾದ ಸೀಸದ ತುಣುಕು ಸಿಕ್ಕಿತು. ಇನ್ನೂ ಬಿಸಿಯಿತ್ತು.

ಅವತ್ತು ಸಂಜೆ ಅದನ್ನು ಅಂಗೈಯಲ್ಲಿಟ್ಟು ಆತನ ಮುಂದೆ ಹಿಡಿದೆ.

"ಸುಭೇದಾರ್ರ, ಗುಂಡು ಕಲ್ಲಿಗೆ ಬಡದು ನಮ್ಮ ಹೊಲದಾಗ ಬರಾಕತ್ಯಾವ್ರಿ. ತಲಿ ಮ್ಯಾಲಿಂದ ಸುಂಯ್ ಅಂತ ಹೋಗ್ತಾವ."

"ದುಂಬಿ ಇರಬೇಕು."

"ದುಂಬಿ ಕೊಡಾ ಒಡಿತೈತೇನ್ರಿ?"

ಆತ ಆ ತುಣುಕನ್ನು ನನ್ನ ಕೈಯಿಂದ ಎತ್ತಿಕೊಂಡ, ಹೊರಳಿಸಿ ನೋಡಿದ, ಅಂಗಿಯ ಕಿಸೆಗೆ ಹಾಕಿಕೊಂಡ. "ಇದು ನಂದಲ್ಲ" ಎಂದ. "ಮತ್ತ ನಂದೇ ಇದ್ರೂ, ಕಲ್ಲಿಗೆ ಬಡದ ಮ್ಯಾಲ ಅದು ಸತ್ತ ಗುಂಡು. ಸತ್ತದ್ದು ಯಾರನ್ನೂ ಕೊಲ್ಲೂದಿಲ್ಲ. ಫೌಜಿನ್ಯಾಗ ಇದ್ದಾಂವ ನಾನೋ ನೀನೋ?"

ಮಾವನವರು ಮೆಲ್ಲಗೆ ಹೇಳಿದರು: "ಆಕಿ ಹೇಳೂದು ಖರೇ ಐತಿ ದೋಸ್ತಾ. ಹಂಚ ತಗದು ಒಂದು ಹಲಗಿ ನಿಲ್ಲಸೋಣು. ಹಿಂದ ನಾಕು ಗಾಡಿ ಮಣ್ಣ ಒಟ್ಟಿಸಿ ಬಿಡ್ತೀನಿ. ಗುಂಡು ಮಣ್ಣಾಗ ಹೂತು ಹೋಗ್ತಾವ."

"ಮಣ್ಣಾಗ ಹೊಡದ್ರ ಸಪ್ಪಳಾ ಎಲ್ಲಿ ಬರ್ತೈತೋ? ಮಂದಿ ಏನು ಕೇಳಬೇಕು?"

ಆತ ನಕ್ಕ. ಮಾವನವರೂ ನಕ್ಕರು. ಮಾತು ಅಲ್ಲಿಗೆ ಮುಗಿಯಿತು.

ಬಿಳಿಜೋಳದ ರಾಶಿ ಮುಗಿದು ಜನ ಕೈ ಖಾಲಿ ಇದ್ದ ಹೊತ್ತು. ಆ ರವಿವಾರ ಆತ ಮಾವನವರನ್ನೂ ಖಣಿಗೆ ಕರೆದುಕೊಂಡು ಹೋಗಿದ್ದ. ಮಧ್ಯಾಹ್ನ ನಾನು ಬುತ್ತಿ ಕಟ್ಟಿಕೊಂಡು ಹೋದೆ. ದೂರದಿಂದಲೇ ಕಂಡಿತು: ಆತ ಮೊಣಕಾಲೂರಿ ಗುರಿ ಹಿಡಿದಿದ್ದ. ಹುಡುಗರು ಹಿಂದೆ ನಿಂತಿದ್ದರು. ಮಾವನವರು ಆತನ ಬೆನ್ನ ಹಿಂದೆ, ಒಂದು ಬಂಡೆಯ ಮೇಲೆ ಕೂತಿದ್ದರು. ಬಂದೂಕಿನ ಹಿಂದೆ ಕೂತವನಿಗೆ ಏನಾದೀತು ಎಂದು ಯಾರಾದರೂ ನೆಚ್ಚಿ ಕೂರುವ ಜಾಗ ಅದು.

ಗುಂಡು ಹಾರಿತು. ಟಣ್ ಎನ್ನಲಿಲ್ಲ. ಕಲ್ಲಿಗೆ ಬಡಿದ ಚಟ್ ಎಂಬ ಸದ್ದು, ಅದರ ಬೆನ್ನಿಗೇ ಆ ಸುಂಯ್. ಮಾವನವರು ಯಾರೋ ಕಪಾಳಕ್ಕೆ ಹೊಡೆದ ಹಾಗೆ ಮುಖ ತಿರುಗಿಸಿದರು. ಎರಡೂ ಕೈಯಿಂದ ಬಲಗಣ್ಣು ಮುಚ್ಚಿಕೊಂಡರು. ಬೆರಳ ಸಂದಿಯಿಂದ ರಕ್ತ... ಅವರು ಕೂಗಲಿಲ್ಲ. ಕೂಗಿದವಳು ನಾನು.

ಸುಭೇದಾರ ಎದ್ದ. ಮಾವನವರ ಹತ್ತಿರ ಹೋಗುವ ಮೊದಲು ಹುಡುಗರ ಕಡೆ ತಿರುಗಿದ. "ಯಾರೂ ಏನೂ ನೋಡಿಲ್ಲ. ತಿಳೀತಿಲ್ಲೋ?"

ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ಗಾಡಿಯಲ್ಲಿ ಜತ್ತಿಗೆ, ಅಲ್ಲಿಂದ ಯಜಮಾನರೂ ಕೂಡಿಕೊಂಡು ಸರಕು ತುಂಬಿದ ಲಾರಿಯಲ್ಲಿ ಮಿರಜಿನ ಆಸ್ಪತ್ರೆಗೆ. ಗುಂಡು ಒಳಗೆ ಉಳಿದಿರಲಿಲ್ಲ, ಕಣ್ಣನ್ನು ಸೀಳಿಕೊಂಡು ಹೋಗಿತ್ತು. ಅಲ್ಲಿಯ ಡಾಕ್ಟರು ಕಣ್ಣು ತೆಗೆಯಬೇಕೆಂದರು. ಇದು ಹೇಗಾಯಿತು ಎಂದು ಕೇಳಿದರು. ಕಲ್ಲು ಒಡೆಯುವಾಗ ಚೂರು ಸಿಡಿಯಿತು ಎಂದು ಮಾವನವರು ಮರಾಠಿಯಲ್ಲಿ ಹೇಳಿದರು. ಡಾಕ್ಟರು ನಂಬಲಿಲ್ಲ, ನನ್ನ ಮುಖ ನೋಡಿದರು. ನಾನು ಬಾಯಿ ತೆರೆದೆ. ಮಾವನವರು ನನ್ನ ಮಣಿಕಟ್ಟು ಹಿಡಿದು ಒತ್ತಿದರು. ಅಷ್ಟು ನೋವಿನಲ್ಲಿದ್ದ ಮನುಷ್ಯನ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂದಿತ್ತೋ... ನಾನು ಬಾಯಿ ಮುಚ್ಚಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದೆ. "ಮಾವಾರ, ಯಾಕ ಸುಳ್ಳ ಹೇಳಿದ್ರಿ?"

"ಖರೇ ಹೇಳಿದ್ರ ಪೊಲೀಸ್ರು ಬರ್ತಾರ ಯವ್ವಾ. ಅವನ್ನ ಜೇಲಿಗೆ ಹಾಕ್ತಾರ. ಅವನ ಮನ್ಯಾಗೂ ಹೆಂಡ್ರು ಮಕ್ಕಳು ಅದಾರ."

"ನಿಮ್ಮ ಕಣ್ಣು?"

"ಅದು ಹೋಗೇ ಬಿಟ್ಟೈತೆಲ್ಲಾ. ಫಿರ್ಯಾದಿ ಕೊಟ್ರ ತಿರುಗಿ ಬರ್ತೈತೇನು?"

ಯಜಮಾನರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಅಪ್ಪ ಹೇಳಿದ್ದನ್ನು ದಾಟಿ ಅವರಿಗೆ ಅಭ್ಯಾಸವಿರಲಿಲ್ಲ.

ನಾವು ಮನೆಗೆ ಬಂದ ಮಾರನೆಯ ದಿನ ಸುಭೇದಾರ ಬಂದ. ಅದೇ ಬೂಟು, ಅದೇ ಜಾಗ. ಮಾವನವರ ಮುಖದ ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹೇಳಿದ, "ಛಲೋ ಆತು ಬಿಡೋ. ಗುರಿ ಹಿಡಿಯೂ ಮುಂದ ನಾವೂ ಒಂದು ಕಣ್ಣ ಮುಚ್ಚತೇವಿ. ನಿಂಗಿನ್ನ ಮುಚ್ಚೂ ತ್ರಾಸಿಲ್ಲ." ಮಾವನವರು ನಕ್ಕರು. ನಗುವಾಗ ಪಟ್ಟಿ ಎಳೆದು ನೋವಾಗಿ ಮುಖ ಹಿಂಡಿತು. ನಾನು ಬಾಗಿಲಲ್ಲಿ ಬಿಸಿ ಚಹಾದ ಬಟ್ಟಲು ಹಿಡಿದು ನಿಂತಿದ್ದೆ. ಅದನ್ನು ಆತನ ಮುಖಕ್ಕೆ ಎರಚದೆ ಒಳಗೆ ಹೇಗೆ ಹೋದೆನೋ ನನಗೇ ಗೊತ್ತಿಲ್ಲ. ಮೋರಿಗೆ ಸುರಿದೆ. ಅವತ್ತಿನಿಂದ ನನ್ನ ಕೈಯಿಂದ ಆತನಿಗೆ ಚಹಾ ಹೋಗಲಿಲ್ಲ. ಚಿಟಿಕೆ ಹೊಡೆದು ಹೊಡೆದು ಸಾಕಾಗಿ ಬಿಟ್ಟ.

ಕೆಲವು ತಿಂಗಳು ಖಣಿ ಸುಮ್ಮನಿತ್ತು. ಇಷ್ಟಾದರೂ ಬುದ್ಧಿ ಬಂತಲ್ಲ ಎಂದುಕೊಂಡಿದ್ದೆ. ಶ್ರಾವಣ ಕಳೆದ ಮೇಲೆ ಒಂದು ರವಿವಾರ ನಾನು ಅಂಗಳದಲ್ಲಿ ಕಾಳು ಕೇರುತ್ತಿದ್ದೆ. ಮಾವನವರು ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ಟಣ್ ಎಂದಿತು. ಮಾವನವರ ಕೈ ನಿಂತಿತು. ಉಳಿದಿದ್ದ ಆ ಒಂದು ಕಣ್ಣು ತಾನಾಗಿಯೇ ಬಿಗಿಯಾಗಿ ಮುಚ್ಚಿಕೊಂಡಿತು. ಮತ್ತೆ ಟಣ್. ಮತ್ತೆ ಮುಚ್ಚಿತು.

ನಾನು ಮೊರ ಕೆಳಗಿಟ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದೆ. ಖಣಿಯಲ್ಲಿ ಹುಡುಗರು ನನ್ನನ್ನು ನೋಡಿ ದಾರಿ ಬಿಟ್ಟರು. ಸುಭೇದಾರ ರೈಫಲಿಗೆ ಗುಂಡು ತುಂಬುತ್ತಿದ್ದ. ನಾನು ಆತನನ್ನು ದಾಟಿ ನೇರವಾಗಿ ಹೋಗಿ ಹಂಚಿನ ಕೆಳಗೆ, ಕಲ್ಲಿಗೆ ಬೆನ್ನು ಹಚ್ಚಿ ಕೂತೆ. ಬಿಸಿಲಿಗೆ ಕಲ್ಲು ಕಾದಿತ್ತು.

"ಏಳು!"

"ಏಳಂಗಿಲ್ಲ."

"ಹುಚ್ಚಿ ಏನು ನೀ? ಗುಂಡು ತಗಲತೈತಿ."

"ನಿಮ್ಮ ಗುರಿ ಹಂಚಿಗೈತಿ, ನನಗ್ಯಾಕ ತಗಲತೈತಿ? ಸತ್ತ ಗುಂಡು ಯಾರನ್ನೂ ಕೊಲ್ಲೂದಿಲ್ಲ ಅಂದಿದ್ರಿ. ಹೊಡೀರಿ. ಊರಮಂದಿ ಸಪ್ಪಳಾ ಕೇಳಲಿ."

ಆತನ ಮುಖ ಕಪ್ಪಿಟ್ಟಿತು. ಹೆಣ್ಣುಮಗಳೊಬ್ಬಳು ಹುಡುಗರ ಮುಂದೆ ಹೀಗೆ ಮಾತಾಡಿದ್ದು ಆತನ ಜನ್ಮದಲ್ಲಿ ಇರಲಿಕ್ಕಿಲ್ಲ. ರೈಫಲ್ ಎತ್ತಿ ಹೆಗಲಿಗೆ ಒತ್ತಿಕೊಂಡ. ನಳಿಗೆಯ ಕಪ್ಪು ತೂತು ಮೊದಲು ಹಂಚಿನ ಮೇಲಿತ್ತು. ಆಮೇಲೆ ಕೆಳಗಿಳಿಯಿತು. ನನ್ನ ಮುಖದ ಮೇಲೆ ನಿಂತಿತು. ಧೈರ್ಯದಿಂದ ಕೂತಿದ್ದೆ ಎಂದು ಊರವರು ಆಮೇಲೆ ಹೇಳಿದರು. ಧೈರ್ಯ ಮೊದಲೇ ಮುಗಿದಿತ್ತು. ಉಳಿದದ್ದು ದ್ವೇಷ ಒಂದೇ.

"ಬ್ಯಾಡ್ರಿ ಸುಭೇದಾರ್ರ" ಎಂದು ಒಬ್ಬ ಹುಡುಗ ಅಂದ. ಇನ್ನಿಬ್ಬರು ಹಿಂದೆ ಹಿಂದೆ ಸರಿದು ಊರ ಕಡೆ ಓಡಿದರು. ಆತ ರೈಫಲ್ ಇಳಿಸಿದ. ನನಗೆ ಬಾಯಿಗೆ ಬಂದ ಹಾಗೆ ಬೈದು ಊರ ದಾರಿ ಹಿಡಿದ.

ನಾನು ಮನೆ ಮುಟ್ಟಿದಾಗ ಆತ ನಮ್ಮ ಅಂಗಳದಲ್ಲಿ ನಿಂತು ಮಾವನವರ ಮೇಲೆ ಚೀರುತ್ತಿದ್ದ. ಓಣಿಯ ಜನ ಸೇರಿದ್ದರು. "ಸೊಸಿನ್ನ ಹತೋಟಿಯಾಗ ಇಟ್ಕೋ! ಮೂರು ಕಾಸಿನ ಹುಡುಗಿ ನನ್ನ ಮಾನಾ ಕಳೀತು!"

ಮಾವನವರು ಹೊಸೆಯುತ್ತಿದ್ದ ಹಗ್ಗ ಕೆಳಗಿಟ್ಟು ಎದ್ದರು. ಓಡಿಬಂದ ಹುಡುಗರು ಅವರಿಗೆ ಏನೋ ಹೇಳಿರಬೇಕು.

"ಆಕಿ ಮ್ಯಾಲ ಬಂದೂಕ ಎತ್ತಿದೇನು?" ಎಂದು ಕೇಳಿದರು.

"ಎತ್ತಿದೆ! ಏನೀಗ?"

ಮಾವನವರು ಆ ಒಂದು ಕಣ್ಣಿನಿಂದ ಆತನನ್ನು ಬಹಳ ಹೊತ್ತು ನೋಡಿದರು. ನನಗೆ ಒಳಗೆ ಬಾ ಎಂದು ಕೈ ಮಾಡಿದರು. ನಾನು ಒಳಗೆ ಹೋದ ಮೇಲೆ ತಾವೂ ಬಂದು ಬಾಗಿಲು ಹಾಕಿ ಅಗಳಿ ಜಡಿದರು. ಹಾಡಹಗಲಲ್ಲಿ ನಮ್ಮ ಮನೆ ಬಾಗಿಲು ಹಾಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ತಮ್ಮ ಕಣ್ಣು ಹೋದಾಗ ನಕ್ಕವರು, ಅವತ್ತಿನಿಂದ ಆ ಮನುಷ್ಯನ ಜೊತೆ ಒಂದೇ ಒಂದು ಮಾತಾಡಲಿಲ್ಲ.

ಸುಭೇದಾರ ಮತ್ತೆ ಖಣಿಗೆ ಹೋಗಲಿಲ್ಲ. ಪಶ್ಚಾತ್ತಾಪದಿಂದಲ್ಲ, ಹುಡುಗರು ಬರುವುದು ನಿಂತಿತು, ನೋಡುವವರಿಲ್ಲದೆ ಹೊಡೆದು ಏನು ಮಾಡುತ್ತಾನೆ? ಎದುರಾದಾಗಲೆಲ್ಲ ನನ್ನನ್ನು ನೋಡಿ ಉಗುಳುತ್ತಿದ್ದ. ನಾನೂ ದಾರಿ ಬಿಡುತ್ತಿರಲಿಲ್ಲ. ಮುಂದೆ ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಹಾಸುವ ಖಡಿಕಲ್ಲು ಬೇಕಾಗಿ ಆ ಕರಿಕಲ್ಲಿನ ಗೋಡೆಯನ್ನೇ ಸಿಡಿಸಿ ಒಡೆದರು. ನಾನೂ ಒಂದಿಷ್ಟು ದಿನ ಅಲ್ಲಿ ಖಡಿ ಒಡೆಯಲು ಹೋದೆ. ಅಷ್ಟು ಖುಷಿಯಿಂದ ನಾನು ಯಾವ ಕೂಲಿಯನ್ನೂ ಮಾಡಿಲ್ಲ.

ಮಾವನವರು ಮಾತ್ರ ಸಂಜೆ ಹೊತ್ತು ಹೊರಗೆ ಕೂರುವುದನ್ನು ಬಿಟ್ಟರು. ಒಳಗೆ, ಆ ನಡುಗೋಡೆಗೆ ಒರಗಿ ಕೂರುತ್ತಿದ್ದರು. ಗೋಡೆಯಾಚೆ ಆತ ಕೆಮ್ಮುವುದು, ಹೆಂಡತಿಯನ್ನು ಗದರುವುದು ಎಲ್ಲ ಕೇಳುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ಸುಭೇದಾರ ಸತ್ತ. ಒಂದು ಮುಂಜಾನೆ ಗೋಡೆಯಾಚೆ ಹೆಂಗಸರ ಅಳು ಎದ್ದಿತು. ನಾನು ರೊಟ್ಟಿ ಬಡಿಯುತ್ತಿದ್ದೆ, ಬಡಿಯುವುದನ್ನು ನಿಲ್ಲಿಸಲಿಲ್ಲ. ಮಾವನವರು ಎದ್ದು ಗೋಡೆಗೆ ಅಂಗೈ ಹಚ್ಚಿ ನಿಂತರು. ಹೋಗಲಿಲ್ಲ. ಮಣ್ಣಿಗೆ ಒಯ್ಯುವಾಗಲೂ ಹೋಗಲಿಲ್ಲ. ಎಲ್ಲ ಮುಗಿದ ಮೇಲೆ ಬಾವಿಯಿಂದ ತಣ್ಣೀರು ಸೇದಿಕೊಂಡು, ಸ್ವಂತ ಅಣ್ಣತಮ್ಮಂದಿರು ತೀರಿದಾಗ ಮಾಡುವ ಹಾಗೆ, ತಲೆಯ ಮೇಲೆ ಸುರಿದುಕೊಂಡರು. ನಾನು ಒರೆಸಿಕೊಳ್ಳಲು ಪಂಚೆ ಕೊಟ್ಟೆ. ಅದನ್ನು ಮುಖಕ್ಕೆ ಒತ್ತಿಕೊಂಡು ಹೇಳಿದರು:

"ಸಾಲ್ಯಾಗ ನನ್ನ ಸಲುವಾಗಿ ಭಾಳ ಬಡತಾ ತಿಂದಾನವ್ವಾ ಅಂವ. ನಾ ಅಂಜಬುರಕ ಇದ್ದೆ. ಮಾಸ್ತರು ಛಡಿ ಎತ್ತಿದ್ರ ತಾನ ಮುಂದ ಬಂದು ಕೈ ಒಡ್ಡತಿದ್ದ."

ಆ ಬಗ್ಗೆ ಅವರು ನನ್ನೆದುರು ಆಡಿದ್ದು ಅಷ್ಟೇ... ಕೆಲವು ವರ್ಷಗಳಿಗೆ ಅವರೂ ಹೋದರು. ಆಮೇಲೆ ಯಜಮಾನರೂ.

ಮೊನ್ನೆ ಒಬ್ಬ ತರುಣ ನಮ್ಮ ಮನೆ ಕೇಳಿಕೊಂಡು ಬಂದ. ಸುಭೇದಾರನ ಮೊಮ್ಮಗ. ಅವನಪ್ಪ ಬಹಳ ಹಿಂದೆಯೇ ಮನೆ ಮಾರಿ ಸೊಲ್ಲಾಪುರಕ್ಕೆ ಹೋಗಿದ್ದ. ಅಜ್ಜನ ಊರು ನೋಡಬೇಕೆಂದು ಬಂದೆ, ಅಜ್ಜನನ್ನು ಕಂಡವರು ನೀವೊಬ್ಬರೇ ಉಳಿದಿದ್ದೀರಂತೆ ಎಂದ. ದವಡೆ ಥೇಟ್ ಅಜ್ಜನದೇ. ದನಿ ಮಾತ್ರ ಮೆತ್ತಗೆ. ಬೂಟು ಹೊರಗೆ ಬಿಟ್ಟು ಬಂದು ಕೂತ.

"ನಮ್ಮ ಅಜ್ಜ ಹ್ಯಾಂಗಿದ್ರು ಅಜ್ಜಿ?"

ನಾನು ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ, ಒಂದನ್ನೂ ಮೆತ್ತಗೆ ಮಾಡಲಿಲ್ಲ. ಅವನಿಗೆ ಯಾರೂ ಇದನ್ನು ಹೇಳಿರಲಿಲ್ಲ. ನಾನು ಕೊಟ್ಟಿದ್ದ ಚಹಾ ಬಟ್ಟಲಲ್ಲೇ ತಣ್ಣಗಾಯಿತು. ಕೊನೆಗೆ, "ನಾ ಈಗ ಯಾರ ಕಡೆ ಮಾಫಿ ಕೇಳಲಿರಿ?" ಎಂದ.

"ಮಾಫಿ ಕೊಡೂ ಮನಶ್ಯಾ ಹೋಗಿ ಭಾಳ ದಿನ ಆತಪಾ. ನನ್ನ ಕಡೆ ಅದು ಇಲ್ಲ."

ಅವನು ತಣ್ಣಗಾದ ಚಹಾವನ್ನು ಪೂರ್ತಿ ಕುಡಿದ. ಊಟದ ಹೊತ್ತಾಗಿತ್ತು, ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. ಮಾವನವರು ಇದ್ದಿದ್ದರೆ ಆ ಹುಡುಗನ ಕೈ ಹಿಡಿದು ಒಳಗೆ ಕರೆದು, ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಉಣಿಸಿ ಕಳಿಸುತ್ತಿದ್ದರು. ಅದು ನನಗೆ ಗೊತ್ತಿತ್ತು. ಅವನು ಬೂಟು ಹಾಕಿಕೊಂಡು ಬಸ್ಸಿನ ದಾರಿ ಹಿಡಿಯುವವರೆಗೂ ಬಾಗಿಲಲ್ಲಿ ನಿಂತಿದ್ದೆ. ಉಂಡು ಹೋಗು ಎಂದು ಕರೆಯಲಿಲ್ಲ.