ಆನಲೀ ಊರಿನ ಕೊನೆಯ ಅಕ್ಷರ

ನಮ್ಮೂರು ಆನಲೀಯಲ್ಲಿ ಕುದುರೆ ಜೀನು ಹೊಲಿಯುತ್ತಿದ್ದ ಬಾರ್ಟ್ಲಿ ಟೂಹಿಗೆ ಕೆಲಸ ಕಡಿಮೆ, ಇತಿಹಾಸ ಜಾಸ್ತಿ. ಟ್ರ್ಯಾಕ್ಟರ್ ಬಂದ ಮೇಲಂತೂ ಪೂರ್ತಿ ಇತಿಹಾಸವೇ. ಎದುರಿಗೇ ನನ್ನ ಬ್ರೆಡ್ಡಿನ ಅಂಗಡಿ. ಮೂವತ್ತು ವರ್ಷ ಅದನ್ನು ಕೇಳಿಸಿಕೊಂಡ ಪುಣ್ಯ ನನ್ನದು.

ಗುಡ್ಡದ ಮೇಲಿನ ಮಣ್ಣುಕೋಟೆಗೂ ಆಚೆಯ ಜೌಗಿಗೂ ನಡುವೆ ಹೊಳೆ ಮೊಣಕಾಲುದ್ದಕ್ಕೆ ಇಳಿದು ದಾಟಲು ಬರುವ ಜಾಗ ಒಂದೇ. ಆ ಕಡವಿನಿಂದ ಸಂತೆ, ಸಂತೆಯಿಂದ ಊರು. ಅಷ್ಟರಲ್ಲಿ ತಕರಾರಿಲ್ಲ, ಜಗಳವೆಲ್ಲ ಹೆಸರಿನದು. ನಮ್ಮ ಹಳೆಯ ಐರಿಷ್ ನುಡಿಯಲ್ಲಿ 'ಆ' ಅಂದರೆ ಕಡವು, ಲೀ ಅಂದರೆ ಕರು, ಲೀಖ್ ಅಂದರೆ ವೀರ. ನಕ್ಷೆ ಬರೆದ ಇಂಗ್ಲಿಷರ ಗಂಟಲಿಗೆ ಆ 'ಖ್' ಒಗ್ಗದೆ ಬಿಟ್ಟುಹೋಯಿತು, ನಮ್ಮದು ಕರುಗಳ ಕಡವಲ್ಲ, ವೀರರ ಕಡವು ಎಂಬುದು ಬಾರ್ಟ್ಲಿಯ ವಾದ. ಹೊಳೆಯಲ್ಲಿ ಸಿಕ್ಕ ಮೂಳೆಯನ್ನು ಪಶುವೈದ್ಯರು ಕರುವಿನದೆಂದರೆ, "ವೀರರು ಊಟ ಮಾಡ್ತಿರ್ಲಿಲ್ವಾ?" ಎಂದು ಕೇಳಿದ ಆಸಾಮಿ.

ಸಂತೆಯ ಚೌಕದಲ್ಲಿ ಊರಿನ ಹೆಸರು, ಅರ್ಥ ಕೆತ್ತಿದ ಕಲ್ಲು ನಿಲ್ಲಿಸುವುದೆಂದಾಯಿತು. ಅರ್ಥ ಬಿಡಿಸಿದವನೆಂದು ಅಡಿಯಲ್ಲಿ ಬಾರ್ಟ್ಲಿಯ ಹೆಸರು. ಹೆಂಡತಿ ಮಕ್ಕಳಿಲ್ಲದ ಮನುಷ್ಯ, ಅವನದೆಂದು ಊರಲ್ಲಿ ಉಳಿಯುವುದು ಅದೊಂದೇ. ಆದರೆ ಕಲ್ಲು ನಿಲ್ಲಿಸುವ ಸಮಿತಿಯಲ್ಲಿದ್ದ ಮೇಷ್ಟ್ರು ಸಾಕ್ಷಿ ಬೇಕೆಂದರು. ಊರಿನಲ್ಲಿ ಕೊನೆಯದಾಗಿ ಐರಿಷ್ ಆಡಿದ ಮುದುಕಿಯ ಬಾಯಲ್ಲಿ ಬಾರ್ಟ್ಲಿ ಚಿಕ್ಕಂದಿನಲ್ಲಿ ಆ 'ಖ್' ಅನ್ನು ಕಿವಿಯಾರೆ ಕೇಳಿದ್ದ. ಅವಳ ಮಗಳು ನೋನಿ ಅಜ್ಜಿಗೆ ಈಗ ಎಂಬತ್ತೆಂಟು. ಅವಳನ್ನೇ ಕೇಳಲು ಬಾರ್ಟ್ಲಿ ಹೊರಟಾಗ ಒಂದು ಬ್ರೆಡ್ಡು ಹಿಡಿದು ನಾನೂ ಜೊತೆಗೆ ಹೋದೆ.

"ಅಜ್ಜಿ, ನಿಮ್ಮಮ್ಮ ಊರಿನ ಹೆಸರು ಹೇಳೋವಾಗ ಕೊನೇಲಿ 'ಖ್' ಅಂತಿದ್ರು ತಾನೆ?"

"ಅಂತಿದ್ಲಪ್ಪ."

ಬಾರ್ಟ್ಲಿ ನನ್ನತ್ತ ನೋಡಿ ಹುಬ್ಬು ಹಾರಿಸಿದ.

"ಟೀ-ಖ್ ಅಂತಿದ್ಲು, ಬೆಣ್ಣೆ-ಖ್ ಅಂತಿದ್ಲು. ನನ್ನನ್ನೂ ನೋನೀ-ಖ್ ಅಂತ್ಲೇ ಕರೀತಿದ್ದದ್ದು. ಒಲೆ ಹೊಗೆ ಕುಡಿದೂ ಕುಡಿದೂ ಎದೆ ಕೆಟ್ಟಿತ್ತು ಕಣೋ. ಕರು ದಾಟೋ ಜಾಗಕ್ಕೆ ಕರು ಕಡವು ಅನ್ನದೆ ಇನ್ನೇನಂತಾರೆ?"

ವಾಪಸು ಸೇತುವೆಗೆ ಬಂದೆವು. ಮೂವತ್ತು ವರ್ಷ ಅವನನ್ನು ಆಡಿಕೊಂಡ ನಾನೇ ಅವನ ತೋಳು ಹಿಡಿದು ನಿಲ್ಲಿಸಿದೆ.

"ಅಜ್ಜಿ ಯಾರಿಗೂ ಹೇಳಲ್ಲ. ನಾನೂ ಬಾಯಿ ಬಿಡಲ್ಲ," ಎಂದೆ.

"ಬಾಯಲ್ಲಿ ಹೇಳೋದು ಬೇರೆ, ಡೀಲಿಯಾ. ಇದು ಕಲ್ಲು," ಎಂದವನೇ ನೆಟ್ಟಗೆ ಕಲ್ಲುಕುಟಿಗನ ಹತ್ತಿರ ಹೋಗಿ, "ಕರು ಅಂತ್ಲೇ ಕೆತ್ತು. ನನ್ನ ಹೆಸರು ಬೇಡ," ಎಂದ.

"ನಿನ್ನ ಹೆಸರು ನಿನ್ನೇನೇ ಕೊರೆದಾಯ್ತು ಮಾರಾಯ. ಇನ್ನು ಕರುಗಳ ಜೊತೇಲೇ ಇರು."

ಸೋಮವಾರ ದನದ ಸಂತೆ. ಕರುಗಳ ಅರಚಾಟದ ನಡುವೆಯೇ ಕಲ್ಲಿನ ಬಟ್ಟೆ ಸರಿಸಿದರು. ಹೆಸರು ಓದಬೇಕಾದವನು ಬಾರ್ಟ್ಲಿ. ಟೋಪಿ ತೆಗೆದು ನಿಂತ. ತನ್ನ ಹೆಸರನ್ನೂ ನೋಡಿದ, ಅದರ ಮೇಲೆ ಕೆತ್ತಿದ್ದ 'ಕರುಗಳ ಕಡವು' ಎಂಬುದನ್ನೂ ನೋಡಿದ. "ಆನಲೀ..." ಎನ್ನುವಷ್ಟರಲ್ಲಿ ಗಂಟಲು ಕಟ್ಟಿ, "ಖ್" ಎಂದು ಕೆಮ್ಮಿದ.

ಯಾರೂ ನಗಲಿಲ್ಲ. ಮುಂದಿನ ಕುರ್ಚಿಯಲ್ಲಿದ್ದ ನೋನಿ ಅಜ್ಜಿ ಕರವಸ್ತ್ರದಿಂದ ಕಣ್ಣೊರೆಸಿಕೊಂಡಳು.

"ಥೇಟ್ ನಮ್ಮಮ್ಮನ ಹಾಗೇ ಹೇಳ್ದ," ಎಂದಳು.